ಬಾಗಿಲು ತೆರೆದರೂ ಸಮುದ್ರ ಒಳಗೆ ಬಾರದ ಕೊಳವೆ

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿ ದ್ರವಗಳ ಒತ್ತಡದ ಪಾಠ ನಡೆಯುತ್ತಿದ್ದಾಗ ನಾನು ಒಂದು ಪ್ರಶ್ನೆ ಕೇಳಿದ್ದೆ: "ಸರ್, ನೀರಿನಡಿಯಲ್ಲಿರುವ ಸಬ್‌ಮೆರೀನ್ ಟಾರ್ಪಿಡೊ ಹಾರಿಸಲು ಬಾಗಿಲು ತೆರೆದರೆ ಸಮುದ್ರವೇ ಒಳಗೆ ನುಗ್ಗುವುದಿಲ್ಲವೇ?" ಸರ್ ನಕ್ಕು, "ಉತ್ತರ ನೀನೇ ಹುಡುಕು, ಆಮೇಲೆ ಎಲ್ಲರಿಗೂ ಹೇಳು" ಎಂದರು. ಆ ಸಾಲವನ್ನು ಈಗ ತೀರಿಸುತ್ತಿದ್ದೇನೆ.

ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಅತಿ ಹೆಚ್ಚು ಕಟ್ಟಿದ ಸಬ್‌ಮೆರೀನ್ 'ಟೈಪ್ 7ಸಿ'. ಅದರ ಮೂತಿಯಲ್ಲಿ ನಾಲ್ಕು, ಹಿಂಬದಿಯಲ್ಲಿ ಒಂದು ಟಾರ್ಪಿಡೊ ಕೊಳವೆ ಇದ್ದವು. ಟಾರ್ಪಿಡೊದ ಉದ್ದ ಸುಮಾರು 7 ಮೀಟರ್, ವ್ಯಾಸ 53.3 ಸೆಂಟಿಮೀಟರ್, ತೂಕ ಒಂದೂವರೆ ಟನ್‌ಗೂ ಹೆಚ್ಚು. ಅದರಲ್ಲಿ ಸ್ಫೋಟಕವೇ 280 ಕಿಲೋ.

ಕೊಳವೆಗೆ ಎರಡು ಬಾಗಿಲು. ಒಂದು ಒಳಗೆ, ಇನ್ನೊಂದು ಸಮುದ್ರದ ಕಡೆಗೆ. ಎರಡೂ ಒಟ್ಟಿಗೆ ತೆರೆಯದಂತೆ ತಡೆಯುವ ವ್ಯವಸ್ಥೆ ಇತ್ತು. ಆದರೆ ಅಷ್ಟೇ ಸಾಲದು. 12 ಮೀಟರ್ ಆಳದಲ್ಲಿ ಹೊರ ಬಾಗಿಲನ್ನು ನೀರು ಎಷ್ಟು ಒತ್ತುತ್ತದೆಂದು ನಾನು ಲೆಕ್ಕ ಹಾಕಿದೆ. ಎರಡೂವರೆ ಟನ್‌ಗೂ ಹೆಚ್ಚು ಬಂತು! ಹಾಗಾಗಿ ಮೊದಲು ಒಳ ಬಾಗಿಲು ಮುಚ್ಚಿ, ಟಾರ್ಪಿಡೊ ಸುತ್ತಲಿನ ಖಾಲಿ ಜಾಗಕ್ಕೆ ನೀರು ತುಂಬಿಸಿ, ಒತ್ತಡವನ್ನು ಸಮುದ್ರದ ಒತ್ತಡಕ್ಕೆ ಸಮ ಮಾಡುತ್ತಿದ್ದರು. ಎರಡೂ ಕಡೆ ಸಮವಾದರೆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಒಳ ಬಾಗಿಲು ಮುಚ್ಚಿರುವುದರಿಂದ ಸಮುದ್ರ ಕೊಳವೆಯವರೆಗೆ ಬರುತ್ತದೆ, ಕೋಣೆಯೊಳಗೆ ಬರುವುದಿಲ್ಲ.

ಮುಂದಿನದು ಹಾರಿಸುವ ಕೆಲಸ. ಗಾಳಿಯಿಂದ ನೇರವಾಗಿ ಊದಿದರೆ ದೊಡ್ಡ ಗುಳ್ಳೆ ಮೇಲೆದ್ದು ಸಬ್‌ಮೆರೀನ್ ಇರುವ ಜಾಗವನ್ನು ಶತ್ರುವಿಗೆ ತೋರಿಸಿಬಿಡುತ್ತದೆ. ಜರ್ಮನ್ನರು ಟಾರ್ಪಿಡೊ ಹಿಂದೆ ಒಂದು ಪಿಸ್ಟನ್ ಇಟ್ಟರು. ನಮ್ಮ ಲ್ಯಾಬಿನ ಸಿರಿಂಜ್ ನೆನಪಿಸಿಕೊಳ್ಳಿ. ಒತ್ತಿಟ್ಟ ಗಾಳಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಟಾರ್ಪಿಡೊವನ್ನು ತಳ್ಳುತ್ತದೆ. ಗಾಳಿ ಸಮುದ್ರಕ್ಕೆ ಹೋಗದೆ ದೋಣಿಯೊಳಕ್ಕೇ ಹಿಂದಿರುಗುತ್ತದೆ. ಟಾರ್ಪಿಡೊ ಜಾರುವಾಗಲೇ ಅದರ ಮೇಲಿನ ಸಣ್ಣ ಲಿವರ್ ತಿರುಗಿ ಎಂಜಿನ್ ಚಾಲೂ ಆಗುತ್ತದೆ.

ಟಾರ್ಪಿಡೊ ಹೋದ ಕೂಡಲೇ ಮೂತಿ ಹಗುರಾಗಿ ದೋಣಿ ಮೇಲೇಳಲು ನೋಡುತ್ತದೆ. ಕೊಳವೆಗೆ ನುಗ್ಗುವ ನೀರು ಆ ತೂಕವನ್ನು ಬಹುಪಾಲು ತುಂಬುತ್ತದೆ, ಉಳಿದದ್ದಕ್ಕೆ ತೊಟ್ಟಿಗಳಿಗೆ ನೀರು ಬಿಡಬೇಕು. ಬಳಿಕ ಹೊರ ಬಾಗಿಲು ಮುಚ್ಚಿ, ಕೊಳವೆಯ ನೀರನ್ನು ಒಳಗಿನ ತೊಟ್ಟಿಗೆ ಇಳಿಸಿ, ಸರಪಳಿ ಕಟ್ಟಿ ಹೊಸ ಟಾರ್ಪಿಡೊವನ್ನು ಒಳಗೆ ತಳ್ಳುತ್ತಿದ್ದರು. ಅದೇ ಕೋಣೆಯಲ್ಲೇ ನಾವಿಕರು ಮಲಗುತ್ತಿದ್ದರು.

ಇಷ್ಟೆಲ್ಲ ಸಮತೋಲನ ಮಾಡಿದವರೂ ಒಂದು ಕಡೆ ಎಡವಿದರು. 1940ರ ಏಪ್ರಿಲ್‌ನಲ್ಲಿ ನಾರ್ವೆಯ ತೀರದಲ್ಲಿ 'ಯು-47' ಲಂಗರು ಹಾಕಿ ನಿಂತಿದ್ದ ಹಡಗುಗಳಿಗೆ ಟಾರ್ಪಿಡೊ ಬಿಟ್ಟಿತು. ಒಂದೂ ಮುಳುಗಲಿಲ್ಲ. ಬೇರೆ ಸಬ್‌ಮೆರೀನ್‌ಗಳಿಗೂ ಅದೇ ಅನುಭವ. ಸಿಡಿಯುವ ಸಾಧನದಲ್ಲಿ ದೋಷವಿತ್ತು, ಜೊತೆಗೆ ಟಾರ್ಪಿಡೊಗಳು ತೀರಾ ಆಳದಲ್ಲಿ ಓಡುತ್ತಿದ್ದವು. ಆಳವಾಗಿ ಓಡಲು ಪೂರ್ಣ ಕಾರಣ ತಿಳಿದದ್ದು 1942ರಲ್ಲಿ. ಹೊರಗಿನ ನೀರಿನ ಒತ್ತಡವನ್ನು ಒಂದು ಮುಚ್ಚಿದ ಕೋಶದ ಗಾಳಿಯೊಂದಿಗೆ ಹೋಲಿಸಿ ಟಾರ್ಪಿಡೊ ತನ್ನ ಆಳ ಅಳೆಯುತ್ತಿತ್ತು. ಬಹಳ ಹೊತ್ತು ಮುಳುಗಿದ್ದಾಗ ದೋಣಿಯೊಳಗೆ ಗಾಳಿಯ ಒತ್ತಡ ಏರುತ್ತಿತ್ತು, ಆ ಗಾಳಿ ಕೋಶದೊಳಗೆ ಸೋರುತ್ತಿತ್ತು. ಒಳಗೆ ಒತ್ತಡ ಹೆಚ್ಚಾದರೆ, ಹೊರಗೂ ಅಷ್ಟೇ ಹೆಚ್ಚು ಒತ್ತಡ ಸಿಗುವವರೆಗೆ ಟಾರ್ಪಿಡೊ ಕೆಳಗಿಳಿಯುತ್ತದೆ. ನಾವು ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆಯುವ ವಿಷಯ ಇಷ್ಟೇ!

ಇದನ್ನು ಓದುವಾಗ ನನಗೆ ಖುಷಿಯಾಯಿತು, ಒಗಟು ಬಿಡಿಸಿದ ಖುಷಿ. ಆಮೇಲೆ ಗುರಿ ತಪ್ಪದ ಒಂದು ಟಾರ್ಪಿಡೊದ ಕಥೆ ಓದಿದೆ. 1940ರ ಸೆಪ್ಟೆಂಬರ್ 17ರ ರಾತ್ರಿ 'ಯು-48' ಅಟ್ಲಾಂಟಿಕ್‌ನಲ್ಲಿ 'ಸಿಟಿ ಆಫ್ ಬೆನಾರಸ್' ಎಂಬ ಹಡಗನ್ನು ಮುಳುಗಿಸಿತು. ಬಾಂಬ್ ದಾಳಿಯಿಂದ ಪಾರಾಗಲೆಂದು ಬ್ರಿಟನ್ನಿನಿಂದ ಕೆನಡಾಕ್ಕೆ ಕಳುಹಿಸಿದ್ದ 90 ಮಕ್ಕಳು ಅದರಲ್ಲಿದ್ದರು. 77 ಮಕ್ಕಳು ತೀರಿಕೊಂಡರು. ಹಡಗಿನ ಕೆಲಸಗಾರರಲ್ಲಿ ಹೆಚ್ಚಿನವರು ನಮ್ಮ ದೇಶದವರು, ಅವರಲ್ಲೂ ಬಹಳ ಮಂದಿ ಮನೆಗೆ ಮರಳಲಿಲ್ಲ.

ಒತ್ತಡದ ನಿಯಮಕ್ಕೆ ಯಾರು ಯಾವ ಪಕ್ಷ ಎಂಬುದು ಗೊತ್ತಿಲ್ಲ. ಕೊಳವೆಯ ಈ ಬದಿಯಲ್ಲಿ ನಿಂತು ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ನಾನು ಕೇಳಿದ್ದೆ. ಆ ಬದಿಯಲ್ಲಿ ಯಾರಿದ್ದಾರೆ ಎಂದು ಕೇಳಿರಲಿಲ್ಲ. ಸರ್, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ಎರಡನೆಯದನ್ನು ಕೇಳಲು ನಾನೇ ಕಲಿಯಬೇಕಾಗಿತ್ತು.

– ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ