ಬಲಗಿವಿಯ ಮೇಲುಗೈ: ಡೊರೀನ್ ಕಿಮುರಾ ಅವರ ಶ್ರವಣ ಸಂಶೋಧನೆ

ಕಿವಿ ಶಬ್ದವನ್ನು ಹಿಡಿದು ಒಳಗೆ ಕಳುಹಿಸುತ್ತದೆಯೇ ಹೊರತು, ಅದನ್ನು ಬೇರ್ಪಡಿಸಿ, ಜೋಡಿಸಿ, ಅರ್ಥ ಹಚ್ಚುವ ಕೆಲಸ ನಡೆಯುವುದು ಮಿದುಳಿನಲ್ಲಿ. ಇದಕ್ಕೆ ಶ್ರವಣ ಸಂಸ್ಕರಣೆ ಎಂದು ಹೆಸರು. ಈ ಕೆಲಸದಲ್ಲಿ ಮಿದುಳಿನ ಎಡ ಮತ್ತು ಬಲ ಅರ್ಧಗೋಳಗಳ ಪಾಲೇನು ಎಂಬುದನ್ನು ತಲೆಬುರುಡೆ ತೆರೆಯದೆ, ಹೆಡ್‌ಫೋನ್ ಮತ್ತು ಧ್ವನಿಸುರುಳಿಗಳಿಂದಲೇ ಅರಿಯಬಹುದೆಂದು ತೋರಿಸಿಕೊಟ್ಟವರು ಕೆನಡಾದ ಮನೋವಿಜ್ಞಾನಿ ಡೊರೀನ್ ಕಿಮುರಾ (1933–2013).

ವಿನಿಪೆಗ್‌ನಲ್ಲಿ ಹುಟ್ಟಿ, ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಬೆಳೆದು, ಹದಿಹರೆಯದಲ್ಲೇ ಏಕೋಪಾಧ್ಯಾಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಿಮುರಾ, ವಿದ್ಯಾರ್ಥಿವೇತನದ ಬಲದಿಂದ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿ, ಬ್ರೆಂಡಾ ಮಿಲ್ನರ್ ಅವರ ಮಾರ್ಗದರ್ಶನದಲ್ಲಿ 1961ರಲ್ಲಿ ಪಿಎಚ್.ಡಿ. ಪಡೆದರು. ಅಪಸ್ಮಾರದ ರೋಗಿಗಳಿಗೆ ಮಿದುಳಿನ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ ಮಾಂಟ್ರಿಯಲ್ ನರವಿಜ್ಞಾನ ಸಂಸ್ಥೆಯೇ ಅವರ ಪ್ರಯೋಗಶಾಲೆಯಾಯಿತು.

ಅವರು ಬಳಸಿದ್ದು ಬ್ರಿಟನ್ನಿನ ಡೊನಾಲ್ಡ್ ಬ್ರಾಡ್‌ಬೆಂಟ್ ಗಮನಶಕ್ತಿಯ ಅಧ್ಯಯನದಲ್ಲಿ ಬಳಕೆಗೆ ತಂದಿದ್ದ ದ್ವಿಕರ್ಣ ಶ್ರವಣ ವಿಧಾನವನ್ನು. ಒಂದು ಕಿವಿಗೆ 'ಎರಡು' ಎಂದು ಕೇಳಿಸುವ ಕ್ಷಣದಲ್ಲೇ ಇನ್ನೊಂದಕ್ಕೆ 'ಒಂಬತ್ತು' ಎಂದು ಕೇಳಿಸುತ್ತದೆ. ಹೀಗೆ ಮೂರು ಜೋಡಿ ಅಂಕಿಗಳು ಮುಗಿದ ಮೇಲೆ, ಕೇಳುಗರು ನೆನಪಿದ್ದಷ್ಟನ್ನೂ ಯಾವುದೇ ಕ್ರಮದಲ್ಲಿ ಹೇಳಬೇಕು. ಹೆಚ್ಚಿನವರು ಬಲಗಿವಿಗೆ ಬಿದ್ದ ಅಂಕಿಗಳನ್ನೇ ಹೆಚ್ಚು ಸರಿಯಾಗಿ ಹೇಳಿದರು. ಮಾತಿನ ಕೇಂದ್ರ ಬಲ ಅರ್ಧಗೋಳದಲ್ಲಿದೆಯೆಂದು ಬೇರೊಂದು ಪರೀಕ್ಷೆಯಿಂದ ಖಚಿತವಾಗಿದ್ದ ರೋಗಿಗಳಲ್ಲಿ ಮಾತ್ರ ಎಡಗಿವಿ ಮುಂದಿತ್ತು. ಆದ್ದರಿಂದ ಈ ವ್ಯತ್ಯಾಸದ ಮೂಲ ಕಿವಿಯಲ್ಲಿಲ್ಲ, ಮಿದುಳಿನಲ್ಲಿದೆ ಎಂಬುದು ಸ್ಪಷ್ಟವಾಯಿತು. ಪ್ರತಿ ಕಿವಿಯಿಂದಲೂ ಎರಡೂ ಅರ್ಧಗೋಳಗಳಿಗೆ ನರಮಾರ್ಗಗಳಿದ್ದರೂ ಎದುರು ಬದಿಗೆ ಹೋಗುವ ಮಾರ್ಗವೇ ಪ್ರಬಲವಾದುದು. ಎರಡು ಸದ್ದುಗಳು ಪೈಪೋಟಿಗಿಳಿದಾಗ ಅದೇ ಬದಿಯ ಮಾರ್ಗ ಹಿಂದೆ ಬೀಳುವುದರಿಂದ, ಎಡಗಿವಿಯ ಮಾತು ಬಲ ಅರ್ಧಗೋಳ ತಲುಪಿ, ಅಲ್ಲಿಂದ ಎರಡು ಗೋಳಗಳನ್ನು ಬೆಸೆಯುವ ನರತಂತುಗಳ ಪಟ್ಟಿಯಾದ ಕಾರ್ಪಸ್ ಕ್ಯಾಲೋಸಮ್ ದಾಟಿ, ಹೆಚ್ಚಿನವರಲ್ಲಿ ಮಾತಿನ ಕೇಂದ್ರವಿರುವ ಎಡ ಅರ್ಧಗೋಳಕ್ಕೆ ಬರಬೇಕಾಗುತ್ತದೆ ಎಂದು ಕಿಮುರಾ ವಿವರಿಸಿದರು. 1964ರಲ್ಲಿ ಅವರು ಅಂಕಿಗಳ ಬದಲು ಸಂಗೀತದ ತುಣುಕುಗಳನ್ನು ಕೇಳಿಸಿದಾಗ ಎಡಗಿವಿಯೇ ಮೇಲುಗೈ ಪಡೆಯಿತು. ಆ ನರಪಟ್ಟಿಯನ್ನು ಕತ್ತರಿಸಿದ್ದ ರೋಗಿಗಳು ಇಂಥ ಪರೀಕ್ಷೆಯಲ್ಲಿ ಎಡಗಿವಿಯ ಅಂಕಿಗಳನ್ನು ಬಹುಮಟ್ಟಿಗೆ ಹೇಳಲಾರರೆಂದು ಮಿಲ್ನರ್ ಮತ್ತು ಸಂಗಡಿಗರು 1968ರಲ್ಲಿ ವರದಿ ಮಾಡಿದ್ದು ಈ ವಿವರಣೆಗೆ ಬಲವಾದ ಆಧಾರವಾಯಿತು.

ಮುಂದೆ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿ ದೀರ್ಘಕಾಲ ದುಡಿದ ಕಿಮುರಾ, ಮಾತಿಗೂ ಕೈಚಲನೆಗೂ ಇರುವ ನಂಟಿನತ್ತ ಮತ್ತು ಸ್ತ್ರೀ ಪುರುಷರ ಬೌದ್ಧಿಕ ಸಾಮರ್ಥ್ಯದ ಭಿನ್ನತೆಗಳತ್ತ ಹೊರಳಿದರು. ಎರಡನೆಯ ವಿಷಯದಲ್ಲಿ ಅವರ ನಿಲುವುಗಳು ತೀವ್ರ ವಿವಾದಕ್ಕೂ ಒಳಗಾದವು. ಆದರೆ ಶ್ರವಣವಿಜ್ಞಾನದಲ್ಲಿ ಉಳಿದು ಬೆಳೆದದ್ದು ದ್ವಿಕರ್ಣ ಪರೀಕ್ಷೆಯೇ. ಶ್ರವಣಮಾಪನದಲ್ಲಿ ಯಾವ ಕೊರತೆಯೂ ಕಾಣದಿದ್ದರೂ ತರಗತಿಯ ಗದ್ದಲದಲ್ಲಿ ಪಾಠ ಹಿಡಿಯಲಾಗದ ಮಕ್ಕಳಲ್ಲಿ ಸಂಸ್ಕರಣೆಯ ದೋಷವನ್ನು ಹುಡುಕಲು ಇಂದು ಅದು ನೆರವಾಗುತ್ತಿದೆ. ಪ, ಟ, ಕ, ಬ, ಡ, ಗ ಮುಂತಾದ ಅರ್ಥರಹಿತ ಅಕ್ಷರಗಳನ್ನು ಜೋಡಿಯಾಗಿ ಕೇಳಿಸುವ ಅದರ ರೂಪ ಪದಸಂಪತ್ತನ್ನು ಅವಲಂಬಿಸದ ಕಾರಣ ಬಹುಭಾಷೆಯ ನಾಡುಗಳಿಗೆ ಒಗ್ಗುತ್ತದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಬಗೆಯ ಪರೀಕ್ಷೆಗಳ ಮೇಲೆ ಅಧ್ಯಯನಗಳು ನಡೆದಿವೆ. ಬಲಗಿವಿಯ ಮೇಲುಗೈ ಗುಂಪಿನ ಸರಾಸರಿಯಲ್ಲಿ ನಿಚ್ಚಳವಾಗಿ ಕಂಡರೂ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವುದರಿಂದ, ಒಂದೇ ಅಂಕಪಟ್ಟಿಯನ್ನು ನೆಚ್ಚಿ ಮಗುವಿನ ಮಿದುಳಿನ ಬಗ್ಗೆ ತೀರ್ಪು ಕೊಡದೆ, ಇತರ ಪರೀಕ್ಷೆಗಳ ಜೊತೆಗಿಟ್ಟು ಅದನ್ನು ಓದುವುದು ಶ್ರವಣತಜ್ಞರ ಹೊಣೆಯಾಗಿದೆ.