ಸ್ಟೀಲ್ ಲೋಟಕ್ಕೆ ಯಾವ ಬಣ್ಣ?

ಕೋರೆಲ್‌ಡ್ರಾ, ಇಲಸ್ಟ್ರೇಟರ್, ಇಂಕ್‌ಸ್ಕೇಪ್, ಈ ವೆಕ್ಟರ್ ತಂತ್ರಾಂಶಗಳಲ್ಲಿ ಯಾವುದನ್ನು ತೆರೆದರೂ ಬಣ್ಣದ ಪಟ್ಟಿಯಲ್ಲಿ ಬೂದು ಸಿಗುತ್ತದೆ, ಹಳದಿ ಸಿಗುತ್ತದೆ. ಸ್ಟೀಲೂ ಹಿತ್ತಾಳೆಯೂ ಸಿಗುವುದಿಲ್ಲ. ಮೈಸೂರು ಶೈಲಿಯ ಚಿತ್ರಕಾರರು ದೇವರ ಒಡವೆಗಳಿಗೆ ಚಿನ್ನದ ರೇಕನ್ನೇ ಅಂಟಿಸುತ್ತಾರೆ. ಪರದೆಯ ಮೇಲೆ ಬರೆಯುವವರಿಗೆ ಆ ಅನುಕೂಲವಿಲ್ಲ. ಆದರೂ ಕೆಲವರ ಕೈಯಲ್ಲಿ ಲೋಟ ಥಳಥಳ ಹೊಳೆಯುತ್ತದೆ, ಕೆಲವರದು ಸಿಮೆಂಟಿನ ಕೊಳವೆಯಾಗಿ ನಿಂತುಬಿಡುತ್ತದೆ. ಈ ವ್ಯತ್ಯಾಸಕ್ಕೆ ಕಾರಣ ತಂತ್ರಾಂಶದ ಬೆಲೆಯಲ್ಲಿ ಇಲ್ಲ. ಹೊಳೆಯುವ ಲೋಹವನ್ನು ಬರೆಯಲು ಕೂತವರು ಅದರ ಸುತ್ತಮುತ್ತ ಇರುವುದನ್ನೇ ಬರೆಯಬೇಕು ಎಂಬುದನ್ನು ಯಾರು ಗಮನಿಸಿದ್ದಾರೆ, ಯಾರು ಗಮನಿಸಿಲ್ಲ ಎಂಬುದರಲ್ಲಿದೆ. ಯಾನ್ ವಾನ್ ಐಕ್ 1434ರಲ್ಲಿ ಬರೆದ ಅರ್ನಾಲ್ಫಿನಿ ದಂಪತಿಯ ಚಿತ್ರದಲ್ಲಿ ತೂಗುವ ಹಿತ್ತಾಳೆ ದೀಪಗುಚ್ಛ ಬರೀ ಎಣ್ಣೆಬಣ್ಣದ್ದು. ಕಿಟಕಿಯ ಬೆಳಕು ಅದರ ಒಂದೊಂದು ತಿರುವಿನಲ್ಲೂ ಎಲ್ಲಿ ಬೀಳುತ್ತದೆಂದು ನೋಡಿ ಬರೆದದ್ದಕ್ಕೇ ಅದು ಹೊಳೆಯುತ್ತದೆ.

ವೆಕ್ಟರ್ ತಂತ್ರಾಂಶ ಚಿತ್ರವನ್ನು ಚುಕ್ಕೆಗಳಾಗಿ ಇಟ್ಟುಕೊಳ್ಳದೆ ರೇಖೆಗಳ ಲೆಕ್ಕವಾಗಿ ಇಟ್ಟುಕೊಳ್ಳುತ್ತದೆ. ಹಾಗಾಗಿ ವಿಸಿಟಿಂಗ್ ಕಾರ್ಡಿನ ಕಲಶವನ್ನು ಫ್ಲೆಕ್ಸ್ ಬ್ಯಾನರಿಗೆ ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಈ ರೇಖೆಗಳ ಹುಟ್ಟೂ ಲೋಹದ ಜೊತೆಗೇ ಬೆಸೆದಿದೆ: ರೆನೋ ಕಂಪನಿಯ ಪಿಯರ್ ಬೆಜಿಯೆ, ಸಿಟ್ರೊಯೆನ್‌ನ ಪಾಲ್ ದ ಕಾಸ್ಟೆಲ್ಜೊ ಇವುಗಳನ್ನು ರೂಪಿಸಿದ್ದು ಕಾರಿನ ಮೈಯ ತಿರುವುಗಳಿಗಾಗಿ. ರೇಖೆ ಆಕಾರವನ್ನು ಕೊಡುತ್ತದೆ. ಹೊಳಪಿನ ಹೊಣೆ ಗ್ರೇಡಿಯಂಟಿನದು, ಅಂದರೆ ಒಂದು ಬಣ್ಣ ಇನ್ನೊಂದಕ್ಕೆ ಜಾರುವ ತುಂಬುವಿಕೆಯದು.

ಕಾಫಿ ಕುಡಿಯುವ ಸ್ಟೀಲ್ ಲೋಟವನ್ನೇ ಕಣ್ಣ ಮುಂದೆ ಹಿಡಿದು ನೋಡಿ. ಮಣ್ಣಿನ ಕುಡಿಕೆಯಾದರೆ ಬೆಳಕು ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಕರಗುತ್ತದೆ. ಲೋಟದಲ್ಲಿ ಹಾಗಾಗುವುದಿಲ್ಲ. ಅದರ ಉರುಟು ಮೈ ಇಡೀ ಕೋಣೆಯನ್ನು ಅಡ್ಡಕ್ಕೆ ಹಿಂಡಿ ಉದ್ದುದ್ದ ಪಟ್ಟೆಗಳನ್ನಾಗಿ ಮಾಡುತ್ತದೆ: ಕಿಟಕಿ ಒಂದು ಬಿಳಿ ಪಟ್ಟೆ, ಬಾಗಿಲು ಒಂದು ಕಪ್ಪು ಪಟ್ಟೆ, ನಡುವೆ ಗೋಡೆಯ ಬೂದು. ಅಂಚಿನ ಕಡೆ ಹೋದಂತೆ ಪಟ್ಟೆಗಳು ಕಿರಿದಾಗಿ ಒತ್ತೊತ್ತಾಗುತ್ತವೆ. ಬಿಳಿಯ ಮಗ್ಗುಲಲ್ಲೇ ಕಪ್ಪು, ನಡುವೆ ಸಂಧಾನವೇ ಇಲ್ಲ. ಗ್ರೇಡಿಯಂಟಿನಲ್ಲಿ ಇದನ್ನು ತರಬೇಕಾದರೆ ಎರಡು ಬಣ್ಣದ ಬಿಂದುಗಳನ್ನು ಒಂದಕ್ಕೊಂದು ತಾಗುವಷ್ಟು ಹತ್ತಿರ ಎಳೆದಿಡಬೇಕು. ಹೊಸಬರು ಸೋಲುವುದು ಇಲ್ಲಿಯೇ. ನಯವಾಗಿರಲಿ ಎಂದು ಬಿಂದುಗಳನ್ನು ಸಮದೂರದಲ್ಲಿ ಹರಡುತ್ತಾರೆ, ಹೊಳಪು ಸತ್ತುಹೋಗುತ್ತದೆ. ಇನ್ನು ಲೋಟದ ಒಳಮೈ ತಗ್ಗಾದದ್ದು. ಎಡಗಡೆಯ ಕಿಟಕಿ ಹೊರಮೈಯ ಎಡಕ್ಕೆ ಮಿಂಚಿದರೆ ಒಳಗೆ ಬಲಕ್ಕೆ ಮಿಂಚುತ್ತದೆ. ಅದೇ ಗ್ರೇಡಿಯಂಟನ್ನು ತಿರುವಿಹಾಕಿದರೆ ಸಾಕು, ಲೋಟ ಟೊಳ್ಳಾಗಿ ಕಾಣುತ್ತದೆ.

ತಾಮ್ರದ ಚೊಂಬಿಗೆ ಇನ್ನೊಂದು ನಿಯಮವೂ ಸೇರುತ್ತದೆ. ಸ್ಟೀಲ್ ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚುಕಡಿಮೆ ಸಮನಾಗಿ ಹಿಂದಿರುಗಿಸುತ್ತದೆ. ತಾಮ್ರ ಮತ್ತು ಚಿನ್ನ ನೀಲಿಯ ಪಾಲನ್ನು ಬಹಳಷ್ಟು ಹೀರಿಕೊಳ್ಳುತ್ತವೆ. ಆದ್ದರಿಂದ ತಾಮ್ರದ ಮಿಂಚೂ ತಾಮ್ರದ ಬಣ್ಣದ್ದೇ. ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಿಂದಿಗೆಯ ಮೇಲೆ ಮಾತ್ರ ಮಿಂಚು ಬೆಳ್ಳಗಿರುತ್ತದೆ, ಏಕೆಂದರೆ ಅಲ್ಲಿ ಬೆಳಕು ಬಣ್ಣದೊಳಗೆ ಇಳಿಯದೆ ಮೇಲ್ಮೈಯಿಂದಲೇ ವಾಪಸಾಗುತ್ತದೆ. ಚೊಂಬಿನ ಮೇಲೆ ಅಚ್ಚ ಬಿಳಿಯ ಚುಕ್ಕೆ ಇಟ್ಟು, ನೆರಳಿಗೆ ಬರೀ ಕಪ್ಪು ಬೆರೆಸಿದರೆ ಅದು ಪ್ಲಾಸ್ಟಿಕ್ ಆಗಿಬಿಡುವುದು ಇದರಿಂದಲೇ. ಮಿಂಚಿಗೆ ತಿಳಿ ಪೀಚ್ ಬಣ್ಣ, ನೆರಳಿಗೆ ಕಡುಗಂದು ಒಪ್ಪುತ್ತವೆ.

ಇಷ್ಟೆಲ್ಲ ಏಕೆ, ಬ್ಲೆಂಡರಿನಂಥ ಮೂರು ಆಯಾಮದ ತಂತ್ರಾಂಶ ಪ್ರತಿಬಿಂಬವನ್ನು ತಾನೇ ಲೆಕ್ಕ ಹಾಕಿ ಕೊಡುವುದಿಲ್ಲವೇ ಎಂದು ಕೇಳಬಹುದು. ಕೊಡುತ್ತದೆ, ನಿಖರವಾಗಿಯೇ. ಆದರೆ ಅಲ್ಲಿಯೂ ಖಾಲಿ ಬೂದು ಜಗತ್ತಿನಲ್ಲಿ ಇಟ್ಟ ಲೋಟ ಮಂಕಾಗಿಯೇ ಬರುತ್ತದೆ. ಸುತ್ತ ಒಂದು ಪರಿಸರದ ಚಿತ್ರ ಕೊಟ್ಟ ಮೇಲೆಯೇ ಹೊಳೆಯುವುದು. ತಂತ್ರಾಂಶದಲ್ಲೇ ಸಿದ್ಧ ಸ್ಟೈಲುಗಳಿರುವಾಗ ಇಷ್ಟು ಶ್ರಮ ಏಕೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಸಂಜೆಯೊಳಗೆ ಆಮಂತ್ರಣ ಪತ್ರಿಕೆ ಮುಗಿಸಬೇಕಾದ ಡಿಟಿಪಿ ಅಂಗಡಿಯವರು ಒಂದೇ ಕ್ಲಿಕ್ಕಿಗೆ ಚಿನ್ನ ಹಚ್ಚುವುದು ತಪ್ಪೆಂದು ಹೇಳಲಾಗದು. ಚಪ್ಪಟೆ ಅಕ್ಷರಗಳಿಗೆ ಅದು ಚೆನ್ನಾಗಿಯೇ ಹೊಂದುತ್ತದೆ. ಕಲಶಕ್ಕೆ ಹೊಂದುವುದಿಲ್ಲ. ಅದರ ಕಂಠ ಒಳಕ್ಕೆ ಬಾಗಿದೆ, ಹೊಟ್ಟೆ ಹೊರಕ್ಕೆ ಉಬ್ಬಿದೆ. ಎರಡಕ್ಕೂ ಒಂದೇ ನೇರ ಪಟ್ಟೆ ಎಳೆದರೆ ಕಲಶ ಕತ್ತರಿಸಿ ಅಂಟಿಸಿದ ಬೇಗಡೆ ಹಾಳೆಯಾಗುತ್ತದೆ. ಕಂಠ, ಹೊಟ್ಟೆ, ಪಾದ ಮೂರನ್ನೂ ಬೇರೆ ಬೇರೆ ಆಕಾರಗಳಾಗಿ ಬಿಡಿಸಿ, ಅದೇ ಸ್ಟೈಲಿನ ಬಿಂದುಗಳನ್ನು ಒಂದೊಂದರ ಬಾಗಿಗೆ ತಕ್ಕಂತೆ ಸರಿಸಿಕೊಂಡರೆ ಗಡುವಿನೊಳಗೇ ಕೆಲಸ ಮುಗಿಯುತ್ತದೆ, ಕಲಶಕ್ಕೆ ಮೈಯೂ ಬರುತ್ತದೆ.