ಬಾಡಿಗೆ ಮನೆಯ ನೌಕರರೂ ವರಮಾನ ತೆರಿಗೆಯ ರಿಯಾಯಿತಿಯೂ

ಜಹೀರಾಬಾದು, ನಾರಾಯಣಖೇಡ, ತಾಂಡೂರು ಈ ಮೂರು ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಬೀದರ ಮತ್ತು ಗುಲಬರ್ಗಾ ಜಿಲ್ಲೆಗಳಿಗೆ ಸೇರಿದ್ದವು. ಗಡಿಯ ಗೆರೆ ಬದಲಾಯಿತು. ಕನ್ನಡದ ಮನೆಗಳು ಇದ್ದಲ್ಲಿಯೇ ಉಳಿದವು. ಅವುಗಳ ಪಕ್ಕದಲ್ಲಿಯೇ ಉದ್ಯೋಗಕ್ಕಾಗಿ ಬಂದು ಬಾಡಿಗೆಗೆ ನೆಲಸಿರುವವರೂ ಇದ್ದಾರೆ. ಜಹೀರಾಬಾದಿನ ಟ್ರ್ಯಾಕ್ಟರು ಕಾರ್ಖಾನೆಯಲ್ಲಿ, ತಾಂಡೂರಿನ ಹಾಸುಗಲ್ಲಿನ ಗಣಿಗಳಲ್ಲಿ, ಸಿಮೆಂಟು ಕಾರ್ಖಾನೆಗಳಲ್ಲಿ, ಶಾಲೆಗಳಲ್ಲಿ ದುಡಿಯುವ ಇವರಿಗೆ ತಿಂಗಳು ಹುಟ್ಟುತ್ತಲೇ ಮೊದಲು ಎದುರಾಗುವುದು ಕಿರಾಯಿಯ ಚಿಂತೆ. ‘ಬಾಡಿಗೆ ಕಟ್ಟಿದರೆ ತೆರಿಗೆಯಲ್ಲಿ ಬಿಡುವುಂಟಂತೆ’ ಎಂಬ ಮಾತು ಇವರ ಕಿವಿಗೂ ಬಿದ್ದಿರುತ್ತದೆ. ಆ ಬಿಡುವು ಯಾರಿಗೆ, ಎಷ್ಟು ದೊರೆಯುವುದೆಂಬುದನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಮೊದಲು ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆಯನ್ನು ಪಡೆಯುವವರ ವಿಷಯ. 2021ರಲ್ಲಿ ಜಾರಿಗೆ ಬಂದ ತೆಲಂಗಾಣದ ವೇತನ ಪರಿಷ್ಕರಣೆಯಲ್ಲಿ ಸರಕಾರಿ ನೌಕರರಿಗೆ ಈ ಭತ್ಯೆಯು ಹೈದರಾಬಾದಿನಲ್ಲಿ ಮೂಲವೇತನದ ಶೇಕಡ 24 ಎಂದು ಗೊತ್ತಾಯಿತು. 50 ಸಾವಿರಕ್ಕೆ ಮೇಲ್ಪಟ್ಟು 2 ಲಕ್ಷದೊಳಗಿನ ಜನಸಂಖ್ಯೆಯ ಪಟ್ಟಣಗಳಲ್ಲಿ ಶೇಕಡ 13, ಅದಕ್ಕಿಂತ ಚಿಕ್ಕ ಊರುಗಳಲ್ಲಿ ಶೇಕಡ 11. ಜಹೀರಾಬಾದು, ತಾಂಡೂರುಗಳು 50 ಸಾವಿರವನ್ನು ದಾಟಿದ ಪಟ್ಟಣಗಳು, ನಾರಾಯಣಖೇಡ ಚಿಕ್ಕದು.

ಈ ಭತ್ಯೆಯೆಲ್ಲವೂ ತೆರಿಗೆಯಿಂದ ಮುಕ್ತವಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಮೂರು ಮೊತ್ತಗಳನ್ನು ಹೋಲಿಸಿ ಅತಿ ಕಡಿಮೆಯಾದುದನ್ನು ಮಾತ್ರ ಬಿಡುತ್ತಾರೆ: ಕೈಗೆ ಬಂದ ಭತ್ಯೆ; ಕಟ್ಟಿದ ಬಾಡಿಗೆಯಲ್ಲಿ ಸಂಬಳದ ಹತ್ತನೆಯ ಒಂದು ಭಾಗವನ್ನು ಕಳೆದು ಉಳಿದದ್ದು; ನಮ್ಮಂತಹ ಊರುಗಳಲ್ಲಿ ಸಂಬಳದ ಶೇಕಡ 40. ಸಂಬಳವೆಂದರೆ ಇಲ್ಲಿ ಮೂಲವೇತನವೂ, ನಿವೃತ್ತಿ ಸೌಲಭ್ಯಗಳಿಗೆ ಗಣನೆಯಾಗುವ ತುಟ್ಟಿಭತ್ಯೆಯೂ.

ಜಹೀರಾಬಾದಿನಲ್ಲಿರುವ ಉಪಾಧ್ಯಾಯರೊಬ್ಬರನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಮೂಲವೇತನ 40,000 ರೂಪಾಯಿ, ತುಟ್ಟಿಭತ್ಯೆ 10,000, ಬಾಡಿಗೆ ಭತ್ಯೆ 5,200, ಕಟ್ಟುವ ಬಾಡಿಗೆ 9,000. ವರ್ಷಕ್ಕೆ ಭತ್ಯೆ 62,400 ರೂಪಾಯಿ, ಬಾಡಿಗೆ 1,08,000. ಸಂಬಳ 6 ಲಕ್ಷ; ಅದರ ಹತ್ತನೆಯ ಒಂದು ಭಾಗ 60,000. ಬಾಡಿಗೆಯಲ್ಲಿ ಇದನ್ನು ಕಳೆದರೆ ಉಳಿಯುವುದು 48,000. ಸಂಬಳದ ಶೇಕಡ 40 ಎಂಬುದು 2,40,000. ಆದುದರಿಂದ ಬಿಡುವು 48,000 ಮಾತ್ರ. ಇದೇ ಉಪಾಧ್ಯಾಯರು 5,000 ರೂಪಾಯಿಯ ಮನೆಯಲ್ಲಿದ್ದರೆ ಬಿಡುವು ಸೊನ್ನೆ! ಮಿತವಾದ ಮನೆಯಲ್ಲಿ ಸಂಸಾರ ತೂಗಿಸುವ ಚಿಕ್ಕ ಊರಿನ ನೌಕರನಿಗೆ ಈ ಸೂತ್ರವು ಅಷ್ಟೇನೂ ಒಲಿಯುವುದಿಲ್ಲ.

ಭತ್ಯೆಯೇ ಇಲ್ಲದವರು ಬಹಳ. ಖಾಸಗಿ ಶಾಲೆಯ ಉಪಾಧ್ಯಾಯರು, ಅಂಗಡಿಯವರು, ಸ್ವಂತ ಕಸುಬಿನವರು ಇವರಿಗಾಗಿ ಹಳೆಯ ಪದ್ಧತಿಯಲ್ಲಿ ಬೇರೊಂದು ರಿಯಾಯಿತಿಯುಂಟು. ಅದರ ಮೇಲ್ಮಿತಿ ತಿಂಗಳಿಗೆ 5,000 ರೂಪಾಯಿ. ಇಲ್ಲಿಯೂ ಮೂರರಲ್ಲಿ ಕಡಿಮೆಯಾದುದೇ ಲೆಕ್ಕ. ವರಮಾನದ ಶೇಕಡ 25 ಒಂದು, ಬಾಡಿಗೆಯಲ್ಲಿ ವರಮಾನದ ಶೇಕಡ 10 ಕಳೆದದ್ದು ಇನ್ನೊಂದು. ತನ್ನ, ಪತಿ ಅಥವಾ ಪತ್ನಿಯ, ಅಪ್ರಾಪ್ತ ಮಕ್ಕಳ ಹೆಸರಿನಲ್ಲಿ ಆ ಊರಿನಲ್ಲಿ ಮನೆ ಇರಕೂಡದು. ಔರಾದ ಅಥವಾ ಚಿಂಚೋಳಿಯ ಕಡೆ ಸ್ವಂತ ಮನೆಯುಳ್ಳವರು ಅದನ್ನು ತಾವೇ ವಾಸಿಸುವ ಮನೆಯೆಂದು ತೆರಿಗೆಯಲ್ಲಿ ತೋರಿಸಿದ್ದರೂ ಇದು ದೊರೆಯದು.

ಇಷ್ಟನ್ನು ಓದಿ ವಾಚಕರು ಲೆಕ್ಕಕ್ಕೆ ಕುಳಿತುಕೊಳ್ಳುವ ಮೊದಲೇ ಮುಖ್ಯವಾದ ಸಂಗತಿಯೊಂದನ್ನು ಹೇಳಬೇಕು. 2020-21ರಲ್ಲಿ ಆರಂಭವಾದ ಹೊಸ ತೆರಿಗೆ ಪದ್ಧತಿಯು 2023-24ರಿಂದ, ನಾವಾಗಿ ಹಳೆಯದನ್ನು ಆರಿಸಿಕೊಳ್ಳದಿದ್ದರೆ, ತಾನಾಗಿ ಅನ್ವಯಿಸುತ್ತದೆ. ಅದರಲ್ಲಿ ಮೇಲಿನ ಎರಡು ರಿಯಾಯಿತಿಗಳೂ ಇಲ್ಲ. ಆದರೆ 2025-26ರಲ್ಲಿ ಅದರ ಪ್ರಕಾರ 12 ಲಕ್ಷ ರೂಪಾಯಿಗಳ ವರೆಗಿನ ವರಮಾನಕ್ಕೆ ತೆರಿಗೆಯೇ ಬೀಳುವುದಿಲ್ಲ. ಸಂಬಳದಾರರಿಗೆ 75,000ದ ಸಾಮಾನ್ಯ ಕಡಿತವೂ ಸೇರಿ ಈ ಮಿತಿ 12,75,000 ಆಗುವುದು. ನಮ್ಮ ಕಲ್ಪನೆಯ ಉಪಾಧ್ಯಾಯರ ವಾರ್ಷಿಕ ವರಮಾನ 6,62,400. ಅವರು ಬಾಡಿಗೆಯ ಲೆಕ್ಕವನ್ನೇ ಒಪ್ಪಿಸಬೇಕಾಗಿಲ್ಲ. ಹೀಗಿರುವಾಗ ಕೆಲವರು ಇನ್ನೂ ಕಟ್ಟದ ಬಾಡಿಗೆಗೆ ರಸೀದಿ ಬರೆಯಿಸಿಕೊಳ್ಳಲು ಅಲೆಯುವುದು ವ್ಯರ್ಥ. ಅದು ಅಪರಾಧವೂ ಹೌದು. ವರಮಾನವು ಈ ಮಿತಿಯನ್ನು ಮೀರಿದವರು ಮಾತ್ರ ಎರಡು ಪದ್ಧತಿಗಳಲ್ಲಿಯೂ ಲೆಕ್ಕ ಹಾಕಿ ಹೋಲಿಸತಕ್ಕದ್ದು. 1961ರ ಕಾಯಿದೆಗೆ ಬದಲಾದ 2025ರ ಕಾಯಿದೆಯ ಜಾರಿಗೆ 2026ರ ಏಪ್ರಿಲ್ 1 ನಿಗದಿಯಾದ ದಿನ. ಅದರಲ್ಲಿ ಕಲಮುಗಳ ಸಂಖ್ಯೆಗಳು ಬೇರೆಯಾದುದರಿಂದ ಅವನ್ನು ಇಲ್ಲಿ ಬರೆದಿಲ್ಲ.

ಇನ್ನು ಗಣಿಯಲ್ಲಿಯೋ ಗುತ್ತಿಗೆಯಲ್ಲಿಯೋ ದುಡಿದು ತಿಂಗಳಿಗೆ 14,000 ರೂಪಾಯಿ ತರುವವನ ಮಾತು. ಅವನು 3,500 ಬಾಡಿಗೆ ಕಟ್ಟಿದರೆ ದುಡಿಮೆಯ ಕಾಲುಭಾಗ ಹೋಯಿತು. ವರಮಾನ ತೆರಿಗೆ ಅವನಿಗಿಲ್ಲ. 15,000ದ ಒಳಗಿರುವುದರಿಂದ ವೃತ್ತಿ ತೆರಿಗೆಯೂ ಇಲ್ಲ. ತೆರಿಗೆಯೇ ಇಲ್ಲದವನಿಗೆ ತೆರಿಗೆಯ ರಿಯಾಯಿತಿಯಿಂದ ಏನು ಬಂತು? ಹೆಚ್ಚು ಸಂಪಾದಿಸುವವನಿಗೆ ಹೆಚ್ಚು, ಕಡಿಮೆಯವನಿಗೆ ಏನೂ ಇಲ್ಲ ಎಂಬ ಈ ಏರ್ಪಾಡು ನಮಗೆ ನ್ಯಾಯವೆಂದು ತೋರುವುದಿಲ್ಲ. ಜರ್ಮನಿಯಲ್ಲಿ 1965ರಿಂದ ‘ವೋನ್‌ಗೆಲ್ಡ್’ ಎಂಬ ಸಹಾಯಧನವಿದೆ. ಕಡಿಮೆ ವರಮಾನದ ಕುಟುಂಬಕ್ಕೆ ಸರಕಾರವು ಬಾಡಿಗೆಯ ಒಂದು ಪಾಲನ್ನು ಹಣವಾಗಿಯೇ ಕೊಡುತ್ತದೆ, ವರಮಾನ ಏರಿದಂತೆ ಆ ಪಾಲು ಇಳಿಯುತ್ತದೆ. ಅಷ್ಟು ದೂರ ಹೋಗುವುದೇಕೆ? ನೆರೆಯ ಮಹಾರಾಷ್ಟ್ರವು 1983ರ ಕಾಯಿದೆಯೊಂದರ ಮೂಲಕ, 50 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳ ಮಾಲೀಕರು ವೇತನದ ಶೇಕಡ 5ಕ್ಕೆ ಕಡಿಮೆಯಿಲ್ಲದಂತೆ ಬಾಡಿಗೆ ಭತ್ಯೆ ಕೊಡಬೇಕೆಂದು ವಿಧಿಸಿತು. ಮೊತ್ತ ಅಲ್ಪವಾದರೂ ಅದು ಕೂಲಿಯವನ ಕೈಗೇ ಸೇರುವ ಹಣ. ತೆಲಂಗಾಣದ ಕಾರ್ಮಿಕ ಸಂಘಗಳು ಇಂತಹುದನ್ನು ಕೇಳಿದರೆ ಅದು ಅತಿಯಾಸೆಯಾಗಲಾರದು. ಕೇಂದ್ರ ಸರಕಾರವು 2024ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೆಯ ಹಂತದಲ್ಲಿ, ದುಡಿಯುವವರಿಗೆ ಬಾಡಿಗೆಯ ಮನೆಗಳನ್ನು ಕಟ್ಟಿಸುವ ಭಾಗವೂ ಸೇರಿದೆ. ಪುರಸಭೆಯ ಸದಸ್ಯರು ಮತ ಕೇಳಲು ಬಂದಾಗ ಅದರ ವಿಷಯವನ್ನು ಪ್ರಸ್ತಾಪಿಸಬಹುದು.

ಕೊನೆಯದಾಗಿ ರಸೀದಿ. ತೆರಿಗೆ ಬೀಳಲಿ ಬಿಡಲಿ, ಕಟ್ಟಿದ ಬಾಡಿಗೆಗೆ ರಸೀದಿ ಪಡೆಯುವುದು ಒಳ್ಳೆಯದು. ಮುಂಗಡದ ಹಣಕ್ಕೆ ತಕರಾರು ಬಂದಾಗ ಅದೇ ಆಧಾರ. ತಿಂಗಳು, ಮೊತ್ತ, ಮನೆಯ ವಿಳಾಸ, ಇಬ್ಬರ ಹೆಸರು, ಮಾಲೀಕರ ರುಜು ಇರಬೇಕು. 5,000 ರೂಪಾಯಿ ಮೀರಿದ ನಗದಿನ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚತಕ್ಕದ್ದು. ವರ್ಷದ ಬಾಡಿಗೆ 1 ಲಕ್ಷ ದಾಟಿ ಭತ್ಯೆಯ ಬಿಡುವನ್ನು ಕೇಳುವವರು ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಕೊಡಬೇಕಾಗುವುದರಿಂದ, ಮನೆ ಹಿಡಿಯುವಾಗಲೇ ಆ ಮಾತನ್ನು ಮುಗಿಸಿಕೊಳ್ಳುವುದು ಲೇಸು.